ಇಲಿ ಮನೆ ಬಿಟ್ಟ ಕತೆ

ಮಂಜೂರನ ಬಾಯಿಗೂ ಕೈಗೂ ಸಂಬಂಧವೇ ಇರಲಿಲ್ಲ. ಬಾಯಿ ತನ್ನ ಪಾಡಿಗೆ ಜೋಕು ಹೊಡೆಯುತ್ತಿತ್ತು, ಕೈ ತನ್ನ ಪಾಡಿಗೆ ವ್ಯಾಪಾರ ಮಾಡುತ್ತಿತ್ತು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಈರುಳ್ಳಿ ದಲ್ಲಾಳಿಯಾಗಿ ಬದುಕಿದವನಿಗೆ ಇದೇನೂ ದೊಡ್ಡಸ್ತಿಕೆಯಲ್ಲ, ಹೊಟ್ಟೆಪಾಡಿನ ವಿದ್ಯೆ.

ಆ ವಿದ್ಯೆ ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೂಟೆ ಬಿಚ್ಚಿ ಮಾಲು ನೋಡಿದ ಮೇಲೆ ದಲ್ಲಾಳಿಯೂ ಮಂಡಿ ಸಾಹುಕಾರನೂ ಅಕ್ಕಪಕ್ಕ ಕೂತು ಕೈ ಚಾಚುತ್ತಾರೆ. ಚಾಚಿದ ಕೈಗಳ ಮೇಲೆ ಟವೆಲ್ ಬೀಳುತ್ತದೆ. ಆಮೇಲಿನದೆಲ್ಲ ಬೆರಳುಗಳ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಪೂರಾ ಹಿಡಿದರೆ ಐದು, ಮಣಿಕಟ್ಟು ಹಿಡಿದರೆ ಹತ್ತು. ಸುತ್ತ ನಿಂತವರು ಎಷ್ಟು ಕತ್ತು ಚಾಚಿದರೂ ರೇಟು ಯಾರಿಗೂ ಗೊತ್ತಾಗುವುದಿಲ್ಲ. ಯಾರ್ಡಿನಲ್ಲಿ ಉಳಿದವರೆಲ್ಲ ಎಂದೋ ಈ ಪದ್ಧತಿ ಬಿಟ್ಟಿದ್ದರು. ಹಳೆಯ ನಾಲ್ಕೈದು ಮಂಡಿಗಳಲ್ಲಿ ಮಾತ್ರ ಉಳಿದಿತ್ತು, ಆ ನಾಲ್ಕೈದು ಮಂಡಿಗಳೇ ಮಂಜೂರನ ಅನ್ನ.

ಕಲಿಸಿದ ಉಸ್ತಾದರು ಬಹಳ ಶಿಸ್ತಿನವರು. ಕೈ ಟವೆಲ್ ಒಳಗಿರುವಾಗ ಪಕ್ಕದವನ ಮುಖ ನೋಡಿದರೆ ತಲೆಗೆ ಮೊಟಕುತ್ತಿದ್ದರು. ಗೋಡೆ ನೋಡು, ಲಾರಿ ನೋಡು, ಮುಖ ಮಾತ್ರ ನೋಡಬೇಡ, ನಿನ್ನ ಆಸೆಯೆಲ್ಲ ಅಲ್ಲಿ ಕಾಣಿಸಿಬಿಡುತ್ತದೆ ಅನ್ನುತ್ತಿದ್ದರು. ಬಾಯಿ ಯಾವ ಕಾರಣಕ್ಕೂ ನಿಲ್ಲಬಾರದು, ನಡುವೆ ನಿಂತರೆ ವ್ಯಾಪಾರ ಕೆಟ್ಟಿತೆಂದೇ ಅರ್ಥ. ಇನ್ನೊಂದು ಮಾತನ್ನು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು: ಟವೆಲ್ ಒಳಗೆ ಅಂಕಿ ಮಾತ್ರ, ಪ್ರಶ್ನೆ ಇಲ್ಲ. ಯಾಕೆ, ಎಲ್ಲಿಂದ, ಹೇಗೆ ಎಂದು ಕೇಳುವ ಬೆರಳನ್ನು ಅಲ್ಲಾಹು ಯಾರ ಕೈಗೂ ಕೊಟ್ಟಿಲ್ಲ.

ಬಾಯಿ ನಿಲ್ಲಬಾರದು ಎಂಬುದನ್ನು ಮಂಜೂರ್ ಎಷ್ಟು ಮನಸ್ಸಿಗೆ ತಗೊಂಡನೆಂದರೆ, ಯಾರ್ಡಿನಲ್ಲಿ ಅವನ ಹೆಸರಾದದ್ದೇ ಜೋಕಿನಿಂದ. ಅವನು ಕೈ ಕೊಟ್ಟ ಕಡೆ ಹಮಾಲಿಗಳು ಮೂಟೆ ಇಳಿಸಿ ಸುತ್ತ ಸೇರುತ್ತಿದ್ದರು. ರೈತರು ಬೀಡಿ ಆರಿಸಿ ಕಿವಿ ಕೊಡುತ್ತಿದ್ದರು. ಸಾಹುಕಾರರು ನಗುತ್ತ ನಗುತ್ತ ಒಂದೆರಡು ಬೆರಳು ಸಡಿಲ ಬಿಡುತ್ತಿದ್ದರು.

ಈಗ ಯಾರ ಬೆರಳೂ ಬೇಡ. ರೇಟು ಮೊಬೈಲಿನಲ್ಲಿ, ಕೊಳ್ಳುವುದು ಮೊಬೈಲಿನಲ್ಲಿ. ಮನೆಮನೆಗೆ ತರಕಾರಿ ತಲುಪಿಸುವ ಕಂಪನಿಗಳ ಲಾರಿ ಹೊಲದ ಬದುವಿನಿಂದ ಸೀದಾ ಅವರ ಗೋಡೌನಿಗೆ ಹೋಗುತ್ತದೆ, ಯಾರ್ಡಿನ ಗೇಟನ್ನು ತಿರುಗಿಯೂ ನೋಡುವುದಿಲ್ಲ. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಯಾರದೂ ಅಲ್ಲದಿದ್ದಾಗ ಬೈಯುವುದಾದರೂ ಯಾರನ್ನು? ಮಂಜೂರ್ ದಿನವೂ ಆರ್‌ಟಿ ನಗರದಿಂದ ಬಸ್ಸು ಹಿಡಿದು ಯಾರ್ಡಿಗೆ ಹೋಗಿ, ಹೆಗಲ ಮೇಲೆ ಕೆಂಪು ಚೌಕಳಿ ಟವೆಲ್ ಹಾಕಿಕೊಂಡು ಟೀ ಅಂಗಡಿ ಮುಂದೆ ನಿಲ್ಲುತ್ತಿದ್ದ. ವಾರಕ್ಕೆ ಒಂದೋ ಎರಡೋ ಸಣ್ಣ ಹೋಟೆಲಿನವರು ಹಳೆ ವಿಶ್ವಾಸಕ್ಕೆ ಕರೆಯುತ್ತಿದ್ದರು. ಉಳಿದ ದಿನ, "ಮಂಜೂರ್ ಭಾಯ್, ಒಂದು ಬಿಡಿ" ಎಂದು ಟೀ ಕುಡಿಸಿ ಜೋಕು ಹೇಳಿಸಿಕೊಳ್ಳುತ್ತಿದ್ದರು. ಕೈ ಸತ್ತು ಬಾಯೊಂದೇ ಬದುಕಿದ್ದಕ್ಕೆ ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಆದರೆ ಅವನ ನಿಜವಾದ ಭಯ ಯಾರ್ಡಿನದಲ್ಲ, ಮನೆಯದು. ಮನೆಯಲ್ಲಿ ಫರ್ಹೀನ್ ಇದ್ದಳು. ಬಿಕಾಂ ಕೊನೆಯ ವರ್ಷ, ಪರೀಕ್ಷೆಗೆ ಎರಡು ತಿಂಗಳು. ಅವರ ಎರಡೂ ಕಡೆಯ ಖಾನ್‌ದಾನಿನಲ್ಲಿ ಡಿಗ್ರಿ ಮುಗಿಸುವ ಮೊದಲ ಹುಡುಗಿ ಅವಳಾಗಬೇಕಿತ್ತು.

ಅದಕ್ಕಿಂತ ಮೊದಲು ರೂಬಿ ಆಗಬೇಕಿತ್ತು. ರೂಬಿ ದೊಡ್ಡವಳು, ಫರ್ಹೀನಳಿಗಿಂತ ಓದಿನಲ್ಲಿ ಒಂದು ಕೈ ಮೇಲು. ಲಾಕ್‌ಡೌನಿನ ವರ್ಷ ಮಂಜೂರನೂ ಅವನ ಹೆಂಡತಿ ಜೈಬುನ್ನೀಸಾಳೂ ಅಡುಗೆಮನೆಯಲ್ಲಿ ಅಕ್ಕಿ ಮುಗಿದದ್ದನ್ನು ಬಾಯಿಬಿಟ್ಟು ಮಾತಾಡಿಕೊಂಡರು. ರೂಬಿ ಆಚೆ ಕೂತು ಪುಸ್ತಕ ಹಿಡಿದಿದ್ದಳು. ಕಾರ್ಖಾನೆಗಳು ಬಾಗಿಲು ತೆಗೆದ ದಿನವೇ ಅವಳು ಗಾರ್ಮೆಂಟ್ಸ್ ವ್ಯಾನು ಹತ್ತಿದಳು. "ಮುಂದಿನ ವರ್ಷ ಬರೀತೀನಿ ಅಬ್ಬಾ" ಅಂದಳು. ಮುಂದಿನ ವರ್ಷವೂ ಗಾರ್ಮೆಂಟ್ಸೇ ಆಯಿತು, ಅದರ ಮುಂದಿನ ವರ್ಷ ದೊಡ್ಡಬಳ್ಳಾಪುರಕ್ಕೆ ಮದುವೆಯಾಯಿತು. ಆ ಸಂಜೆ ಬಾಯಿಬಿಟ್ಟು ಮಾತಾಡಿದ್ದಕ್ಕೆ ಮಂಜೂರ್ ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಹಾಗಾಗಿ ಫರ್ಹೀನಳ ವಿಷಯದಲ್ಲಿ ಗಂಡ ಹೆಂಡತಿ ಮೊದಲೇ ಗಟ್ಟಿ ಮಾಡಿಕೊಂಡಿದ್ದರು. ಪರೀಕ್ಷೆ ಮುಗಿಯುವವರೆಗೆ ಮನೆಯ ಸ್ಥಿತಿ ಅವಳ ಕಿವಿಗೆ ಬೀಳಬಾರದು. ಎರಡೇ ಕೋಣೆಯ ಮನೆಯಲ್ಲಿ ಗುಟ್ಟು ಎಲ್ಲಿ ಇಡುವುದು? ಟವೆಲ್ ಒಳಗೆ ಇಟ್ಟರು. ಮದುವೆಯಾದ ಹೊಸದರಲ್ಲಿ ಮಂಜೂರ್ ತಮಾಷೆಗೆಂದು ಜೈಬುನ್ನೀಸಾಳಿಗೆ ಬೆರಳಿನ ಮಾತು ಕಲಿಸಿದ್ದ. ಅದು ಈಗ ಉಪಯೋಗಕ್ಕೆ ಬಂತು. ಊಟಕ್ಕೆ ಕೂತಾಗ ಅವನು ಕೈ ಒರೆಸಿಕೊಳ್ಳುವವನಂತೆ ಟವೆಲನ್ನು ಇಬ್ಬರ ನಡುವೆ ಹಾಸುತ್ತಿದ್ದ. ಒಳಗೆ ಜೈಬುನ್ನೀಸಾ ಅವನ ಬೆರಳು ಹಿಡಿಯುತ್ತಿದ್ದಳು. ನಾಲ್ಕು ಬೆರಳೆಂದರೆ ಅಕ್ಕಿ ಇನ್ನು ನಾಲ್ಕು ದಿನಕ್ಕಿದೆ, ಎರಡೆಂದರೆ ಎರಡು ದಿನಕ್ಕೆ. ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ, ಬಾಯಲ್ಲಿ ಜೋಕು.

"ಈ ವಯಸ್ಸಲ್ಲೂ ಕೈ ಕೈ ಹಿಡ್ಕೊಂಡು ಊಟಕ್ಕೆ ಕೂರ್ತೀರಲ್ಲ, ನಾಚಿಕೆ ಆಗಲ್ವಾ" ಎಂದು ಫರ್ಹೀನ್ ರೇಗಿಸುತ್ತಿದ್ದಳು. ಜೈಬುನ್ನೀಸಾ ನಿಜವಾಗಿಯೂ ನಾಚುತ್ತಿದ್ದಳು.

ಮನೆಯ ಮಾತೆಲ್ಲ ದಖ್ಖನಿ ಉರ್ದುವಿನಲ್ಲಿ. ಜೋಕು ಮಾತ್ರ ಕನ್ನಡದಲ್ಲಿ, ಅದು ಯಾರ್ಡಿನಿಂದ ಬಂದ ಸರಕು. ಇಲಿಯ ಕತೆ ಶುರುವಾದದ್ದು ಒಂದೇ ಬೆರಳು ಸಿಕ್ಕಿದ ಸಂಜೆ. ಅಕ್ಕಿ ಇನ್ನು ಒಂದೇ ದಿನಕ್ಕೆ. ಆದರೆ ಬಾಯಿ ನಿಲ್ಲಬಾರದಲ್ಲ.

"ಫರ್ಹೀನ್, ನಮ್ಮ ಇಲಿ ಮನೆ ಖಾಲಿ ಮಾಡ್ತು ಕಣಮ್ಮಾ" ಅಂದ.

"ಯಾವ ಇಲಿ ಅಬ್ಬಾ?"

"ಅದೇ, ಗ್ಯಾಸ್ ಸಿಲಿಂಡರ್ ಹಿಂದೆ ಇತ್ತಲ್ಲ. ಬೆಳಿಗ್ಗೆ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಮೇಲ್ಗಡೆ ಅತಾವುಲ್ಲಾ ಸಾಹೇಬ್ರ ಮನೆಗೆ ಶಿಫ್ಟ್ ಆಯ್ತು. ಹೋಗೋವಾಗ ಬಾಗಿಲ ಹತ್ರ ನಿಂತು, 'ಭಾಯ್, ಇಷ್ಟು ವರ್ಷ ನಿಮ್ಮ ಅನ್ನ ತಿಂದಿದ್ದೀವಿ. ಏನಾದ್ರೂ ಕಮ್ಮಿ ಬಿದ್ರೆ ಸಂಕೋಚ ಪಡ್ಬೇಡಿ, ಮೇಲಿಂದ ಕಳಿಸ್ಕೊಡ್ತೀವಿ' ಅಂತು."

ಫರ್ಹೀನ್ ತುತ್ತು ಗಂಟಲಿಗೆ ಸಿಕ್ಕುವಷ್ಟು ನಕ್ಕಳು. ಮೇಲಿನ ಮನೆಯ ಅತಾವುಲ್ಲಾ ಗ್ರಾನೈಟ್ ವ್ಯಾಪಾರಿ, ಓಣಿಗೆಲ್ಲ ಅನುಕೂಲಸ್ಥ, ಅವರ ಮನೆಯ ಬಿರಿಯಾನಿ ವಾಸನೆ ಶುಕ್ರವಾರ ಕೆಳಗಿನವರೆಗೂ ಇಳಿಯುತ್ತಿತ್ತು. ಆ ಇಲಿಯ ಬುದ್ಧಿವಂತಿಕೆಗೆ ಮೂವರೂ ನಕ್ಕರು. ಮಗಳ ನಗು ಕೇಳುತ್ತಲೇ ಮಂಜೂರನಿಗೆ ಉಸಿರು ಬಂದಂತಾಯಿತು. ನಗುತ್ತಿದ್ದಾಳೆಂದರೆ ಗೊತ್ತಿಲ್ಲ ಎಂದರ್ಥ. ಮರುದಿನ ಹೋಟೆಲಿನವರೊಬ್ಬರ ಕೆಲಸ ಸಿಕ್ಕಿ ಅಕ್ಕಿ ಬಂತು.

ಆಮೇಲೆ ಇಲಿ ದಿನಚರಿಯೇ ಆಯಿತು. ಡಬ್ಬದ ತಳ ಕಂಡಷ್ಟೂ ಇಲಿಗೆ ಹೊಸ ಹೊಸ ಅನುಭವಗಳಾಗುತ್ತಿದ್ದವು. ಒಂದು ದಿನ ಮಂಜೂರ್ ಹೇಳಿದ, "ಮೇಲ್ಗಡೆ ಬಾಸುಮತಿ ತಿಂದು ತಿಂದು ಇಲಿಗೆ ಶುಗರ್ ಬಂತಂತೆ. ಡಾಕ್ಟ್ರು ವಾಕಿಂಗ್ ಮಾಡು ಅಂದ್ರಂತೆ. ಅದಕ್ಕೆ ದಿನಾ ಸಂಜೆ ನಮ್ಮ ಅಡುಗೆಮನೆಗೆ ಬರ್ತಿದೆ. ಇಲ್ಲಾದ್ರೆ ಬೇಕಾದಷ್ಟು ಖಾಲಿ ಜಾಗ, ಕಾಲಿಗೆ ಅಡ್ಡ ಏನೂ ಸಿಗಲ್ಲ ಅಂತು." ಆ ದಿನ ಜೈಬುನ್ನೀಸಾ ಬೆರಳನ್ನೇ ಹಿಡಿದಿರಲಿಲ್ಲ. ಅವನ ಅಂಗೈ ಮೇಲೆ ಸುಮ್ಮನೆ ಕೈಯಿಟ್ಟಿದ್ದಳು. ಸೊನ್ನೆಗೆ ಅವರಲ್ಲಿ ಗುರುತು ಇರಲಿಲ್ಲ, ಯಾರ್ಡಿನಲ್ಲಿ ಸೊನ್ನೆ ರೇಟಿನ ವ್ಯಾಪಾರ ನಡೆಯುವುದಿಲ್ಲವಲ್ಲ. ಮರುದಿನ ಅವನು ಟೀ ಅಂಗಡಿಯವನ ಹತ್ತಿರ ಸಾಲ ಮಾಡಿ ನಾಲ್ಕು ದಿನದ ಅಕ್ಕಿ ತಂದ.

ಆ ವಾರವೇ ವೀರಬಸಪ್ಪನವರ ಮಂಡಿ ಮುಚ್ಚಿತು. ಗದಗಿನ ಕಡೆಯಿಂದ ಬಂದು ನಲವತ್ತು ವರ್ಷ ಈರುಳ್ಳಿ ಮಂಡಿ ನಡೆಸಿದವರು. ಅವರ ಬೆರಳು ಮಂಜೂರನಿಗೆ ತನ್ನ ಬೆರಳಿನಷ್ಟೇ ಪರಿಚಯ. ಅವನು ಹೋದಾಗ ಮಂಡಿಯಲ್ಲಿ ಒಂದು ಮೂಟೆಯೂ ಇರಲಿಲ್ಲ. ನೆಲದಲ್ಲಿ ಈರುಳ್ಳಿ ಸಿಪ್ಪೆ ಫ್ಯಾನಿನ ಗಾಳಿಗೆ ಹೊರಳಾಡುತ್ತಿತ್ತು.

"ಬಾರೋ ಮಂಜೂರ, ಕುಂದರು" ಅಂದರು ವೀರಬಸಪ್ಪ. "ನಾಳಿಂದ ಬಾಗ್ಲಾ ತಗಿಯಂಗಿಲ್ಲ. ಊರಿಗೆ ಹೊಂಟೀನಿ."

"ಶರಣವ್ವಕ್ಕ ಖುಷಿ ಪಡ್ತಾರೆ ಬಿಡಿ ಸಾಹುಕಾರ್ರೆ."

"ಎಲ್ಲಿ ಖುಷಿ. ಫೋನ್ ಮಾಡಿ ಅಳಾಕತ್ತಾಳ. ನಲವತ್ತು ವರ್ಷ ನೀ ಬೆಂಗಳೂರಾಗ ಇದ್ದಿ ಅಂತ ನಮ್ಮ ಸಂಸಾರ ನೆಟ್ಟಗ ಇತ್ತು, ಇನ್ನ ದಿನಾ ನಿನ್ನ ಮಕಾ ನೋಡೂದಂದ್ರ ಹೆಂಗ ಅಂತಾಳ."

ಇಬ್ಬರೂ ನಕ್ಕರು. ವೀರಬಸಪ್ಪ ಕೈ ಚಾಚಿದರು. "ಹಾಕು ಟವೆಲ್ಲಾ."

"ಮಾಲೇ ಇಲ್ಲವಲ್ಲ."

"ಮಾಲ್ ಇದ್ದಾಗ ಎಲ್ಲಾರೂ ಹಾಕ್ತಾರ. ಹಾಕು."

ಮಂಜೂರ್ ಟವೆಲ್ ಹಾಕಿದ. ಒಳಗೆ ವೀರಬಸಪ್ಪ ಅವನ ಒಂದು ಬೆರಳು ಹಿಡಿದರು, ಹಿಡಿದವರು ಬಿಡಲಿಲ್ಲ. ಅವರ ಬಾಯಿ ಶರಣವ್ವನ ಬಗ್ಗೆ ಇನ್ನೂ ಏನೇನೋ ಹೇಳುತ್ತಿತ್ತು. ಮಂಜೂರ್ ಎದುರಿನ ಖಾಲಿ ತಕ್ಕಡಿ ನೋಡುತ್ತ ಹೂಂಗುಟ್ಟುತ್ತಿದ್ದ. ಉಸ್ತಾದರಾಗಿದ್ದರೆ ಮಾಲಿಲ್ಲದೆ ಬೆರಳು ಹಿಡಿದದ್ದಕ್ಕೆ ಇಬ್ಬರಿಗೂ ಮೊಟಕುತ್ತಿದ್ದರು. ಹೊರಡುವಾಗ ವೀರಬಸಪ್ಪ ತಮ್ಮ ಜೇಬಿನ ಪೆನ್ನು ತೆಗೆದು ಕೊಟ್ಟರು, "ಮಗಳ ಪರೀಕ್ಷಿಗೆ. ಇದರಾಗ ಬರದದ್ದು ಯಾವ ಚೀಟಿನೂ ಸುಳ್ಳಾಗಿಲ್ಲ" ಅಂದರು.

ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಂತಾಗ ಮಂಜೂರ್ ಆ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಯ ದೊಡ್ಡ ಗಿರಾಕಿ ಹೋದ. ಇನ್ನು ಯಾರ್ಡಿಗೆ ಹೋದರೂ ಒಂದೇ ಬಿಟ್ಟರೂ ಒಂದೇ. ಪರೀಕ್ಷೆಗೆ ಇನ್ನೂ ಐದು ವಾರ. ಐದು ವಾರ ಡಬ್ಬ ತುಂಬಿಸುವುದು ಹೇಗೆ? ಒಂದೂ ದಾರಿ ಕಾಣಲಿಲ್ಲ. ಹೆಬ್ಬಾಳದ ಕಡೆ ಸೆಕ್ಯುರಿಟಿ ಕೆಲಸ ಕೇಳಿ ನೋಡಿದ್ದ. ಮೂವತ್ತು ವರ್ಷ ಏನು ಮಾಡ್ತಿದ್ರಿ ಅಂತ ಅವರು ಕೇಳಿದಾಗ, ಟವೆಲ್ ಒಳಗೆ ಕೈ ಹಿಡೀತಿದ್ದೆ ಅನ್ನುವುದು ಹೇಗೆ. ಅದೂ ಒಂದು ಜೋಕಾಗಿ ಯಾರ್ಡಿನಲ್ಲಿ ನಡೆದಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವನು ಅಂಜುತ್ತಲೇ ಟವೆಲ್ ಹಾಸಿದ. ಜೈಬುನ್ನೀಸಾ ಎರಡು ಬೆರಳು ಹಿಡಿದಳು. ಸರಿ, ಎರಡು ದಿನ. ಎರಡು ದಿನ ಕಳೆದು ಮತ್ತೆ ಹಾಸಿದ. ಮತ್ತೆ ಎರಡು ಬೆರಳು. ಇನ್ನೆರಡು ದಿನ ಬಿಟ್ಟು ನೋಡಿದರೆ ಮೂರು.

ಆ ನಾಲ್ಕು ದಿನದಲ್ಲಿ ಅವನು ಮನೆಗೆ ಒಂದು ಹಿಡಿ ಅಕ್ಕಿಯನ್ನೂ ತಂದಿರಲಿಲ್ಲ.

ಕ್ಯಾಲೆಂಡರ್ ನೋಡುತ್ತ ಅವನು ತಲೆ ಕೆಡಿಸಿಕೊಂಡ. ಜೈಬುನ್ನೀಸಾ ಸೀರೆ ಕುಚ್ಚು ಕಟ್ಟುತ್ತಿದ್ದಳು, ಆದರೆ ಮದುವೆ ಸೀಸನ್ ಮುಗಿದು ತಿಂಗಳಾಗಿತ್ತು. ಹಾಗಾದರೆ ಮೇಲಿನ ಮನೆಯ ಅತಾವುಲ್ಲಾರ ಹೆಂಡತಿ ಬದರುನ್ನೀಸಾ ಹತ್ತಿರ ಕೈಯೊಡ್ಡಿದ್ದಾಳೆ. ಆ ಬದರುನ್ನೀಸಾ ಕೊಟ್ಟ ಒಂದು ಲೋಟ ಸಕ್ಕರೆಯನ್ನು ಓಣಿಗೆಲ್ಲ ಆರು ತಿಂಗಳು ಹೇಳುವ ಹೆಂಗಸು. ಬೇಡವೆಂದು ಅವನೇ ಜೈಬುನ್ನೀಸಾಳಿಂದ ಮಾತು ತಗೊಂಡಿದ್ದ. ಅವನಿಗೆ ಮೈಯೆಲ್ಲ ಉರಿದುಹೋಯಿತು, ಆಮೇಲೆ ಹೆಂಡತಿಯ ಮೇಲೆ ಕನಿಕರ ಬಂತು. ತಾನು ತರದಿದ್ದಾಗ ಅವಳಾದರೂ ಏನು ಮಾಡಿಯಾಳು? ಕೇಳಿದರೆ ಅವಳ ಮಾನ ಹೋಗುತ್ತದೆ. ಹೇಗೂ ಟವೆಲ್ ಒಳಗೆ ಪ್ರಶ್ನೆ ಇಲ್ಲ, ಟವೆಲ್ ಹೊರಗೆ ಫರ್ಹೀನ್ ಇದ್ದಾಳೆ. ಸುಮ್ಮನಾದ.

ಜೈಬುನ್ನೀಸಾಳೂ ಏನೂ ಹೇಳಲಿಲ್ಲ. ಅವಳ ಬೆರಳು ಮಾತ್ರ ಮೊದಲಿಗಿಂತ ಮೆತ್ತಗೆ ಹಿಡಿಯುತ್ತಿತ್ತು, ಒಂದೊಂದು ಸಲ ಒಂಚೂರು ಹೆಚ್ಚು ಹೊತ್ತು. ಹೀಗೆ ಒಂದು ವಾರ, ಎರಡು ವಾರ, ಐದು ವಾರ. ಡಬ್ಬ ತುಂಬಲೂ ಇಲ್ಲ, ಬರಿದಾಗಲೂ ಇಲ್ಲ.

ಮಂಜೂರ್ ಅದನ್ನೂ ಇಲಿಯ ತಲೆಗೆ ಕಟ್ಟಿದ. "ಇಲಿ ಮಾತಿಗೆ ತಪ್ಪಲ್ಲ ಕಣಮ್ಮಾ. ದಿನಾ ಮೇಲಿಂದ ಬಾಯಲ್ಲಿ ಒಂದೊಂದೇ ಕಾಳು ಕಚ್ಕೊಂಡು ಬಂದು ನಮ್ಮ ಡಬ್ಬಕ್ಕೆ ಹಾಕ್ತಿದೆ. ನಾನು ಕಣ್ಣಾರೆ ನೋಡ್ದೆ. ಸುಸ್ತಾಗಿ ಕೂತಿತ್ತು ಪಾಪ, ನೀರು ಬೇಕಾ ಅಂದ್ರೆ, ಡ್ಯೂಟಿ ಟೈಮಲ್ಲಿ ಕುಡಿಯಲ್ಲ ಅಂತು." ಹೇಳುವಾಗ ಅವನು ಜೈಬುನ್ನೀಸಾಳ ಬೆರಳನ್ನು ಒತ್ತಿದ್ದ, ನಿನ್ನ ಕಷ್ಟ ನನಗೆ ಗೊತ್ತು ಅನ್ನುವಂತೆ. ಜೈಬುನ್ನೀಸಾಳೂ ತಿರುಗಿ ಒತ್ತಿದಳು. ಫರ್ಹೀನ್ ಅವತ್ತು ನಗುನಗುತ್ತಲೇ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅವಳು ಬೆಳಿಗ್ಗೆ ಎಂಟಕ್ಕೇ ಹೊರಡುತ್ತಿದ್ದಳು, ಲೈಬ್ರರಿಯಲ್ಲಿ ಜಾಗ ಸಿಗಲ್ಲ ಅನ್ನುತ್ತಿದ್ದಳು. ಸಂಜೆ ಬಂದಾಗ ಕೂತಲ್ಲೇ ತೂಕಡಿಸುತ್ತಿದ್ದಳು. ಹೆಬ್ಬೆರಳಿಗೆ ಪ್ಲಾಸ್ಟರ್ ಸುತ್ತಿದ್ದಕ್ಕೆ ಬಸ್ಸಿನ ಕಿಟಕಿ ಕುಯ್ದಿತು ಅಂದಳು. ಓದಿ ಓದಿ ಸೊರಗಿದ್ದಾಳೆ ಎಂದು ಜೈಬುನ್ನೀಸಾ ತನ್ನ ಪಾಲಿನ ಮೊಟ್ಟೆ ಅವಳ ತಟ್ಟೆಗೆ ಜಾರಿಸುತ್ತಿದ್ದಳು. ಮಂಜೂರನಿಗೆ ಹೆಮ್ಮೆ. ಯಾರ್ಡಿನಲ್ಲಿ ಟೀ ಕುಡಿಸಿದವರಿಗೆಲ್ಲ, "ಸೋಮವಾರದಿಂದ ಮಗಳಿಗೆ ಫೈನಲ್ ಪರೀಕ್ಷೆ, ಅವತ್ತು ನನ್ನನ್ನ ಹುಡುಕ್ಬೇಡಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಹೇಳಿಕೊಂಡು ಬಂದಿದ್ದ. ಭಾನುವಾರ ಅದನ್ನೇ ಫರ್ಹೀನಳಿಗೂ ಹೇಳಿದ.

"ಬೇಡ ಅಬ್ಬಾ, ಸಂಜಯನಗರ ತಾನೇ, ನಾನೇ ಹೋಗ್ತೀನಿ."

"ಅದೆಲ್ಲ ಆಗಲ್ಲ. ಗೇಟ್ ಹತ್ರ ನಿಂತ್ಕೊಂಡು ನೋಡ್ಬೇಕು ನಾನು."

ಅವಳು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋದಳು.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಾಪೆಯ ಮೇಲೆ ಕೂತ. ಮನೆಯಲ್ಲಿ ಹಬ್ಬದ ದಿನದ ಸಡಗರ. ಜೈಬುನ್ನೀಸಾ ಪಕ್ಕದಲ್ಲಿ ಕೂತು ಚಪಾತಿಗೆ ಎಣ್ಣೆ ಸವರುತ್ತಿದ್ದಳು. ಫರ್ಹೀನ್ ಒಳಕೋಣೆಯಲ್ಲಿ ತಯಾರಾಗುತ್ತಿದ್ದಳು. ಮಗಳ ಎದೆ ಡವಡವ ಎನ್ನುತ್ತಿರಬಹುದು, ನಗಿಸಿ ಕಳಿಸೋಣ ಎಂದುಕೊಂಡು ಅವನು ರಾತ್ರಿಯೇ ಒಂದು ಕತೆ ಹೊಂದಿಸಿಟ್ಟಿದ್ದ. ಅಭ್ಯಾಸಬಲದಿಂದ ಟವೆಲ್ ಹಾಸಿ, ಕೈ ಒಳಗಿಟ್ಟು, ಕ್ಯಾಲೆಂಡರ್ ನೋಡುತ್ತ ದನಿ ಎತ್ತಿದ.

"ಫರ್ಹೀನ್, ಕೇಳ್ತಾ ಇದೀಯಾ? ಇಲಿ ವಾಪಸ್ ಬಂತು ಕಣಮ್ಮಾ."

ಅಷ್ಟರಲ್ಲಿ ಕೆಳಗೆ ನಲ್ಲಿ ನೀರು ಬಂದ ಸದ್ದಾಯಿತು. ಎರಡು ದಿನಕ್ಕೊಮ್ಮೆ ಬರುವ ನೀರು, ಅರ್ಧ ಗಂಟೆ ನಿಲ್ಲುವುದಿಲ್ಲ. ಜೈಬುನ್ನೀಸಾ ಕೊಡ ಎತ್ತಿಕೊಂಡು ಓಡಿದಳು. ಕ್ಯಾಲೆಂಡರಿನ ಕಡೆ ಮುಖ ಮಾಡಿದ್ದ ಮಂಜೂರನಿಗೆ ಅದು ತಿಳಿಯಲಿಲ್ಲ. ಪಕ್ಕದಲ್ಲಿ ಒಮ್ಮೆ ಎದ್ದಂತೆ, ಒಮ್ಮೆ ಕೂತಂತೆ ಆಯಿತು, ಅಷ್ಟೇ.

"ಗಂಟುಮೂಟೆ ಸಮೇತ ಬಂದು ಬಾಗಿಲಲ್ಲಿ ನಿಂತಿದೆ. ಹೆಂಡ್ತಿ, ಮಕ್ಕಳು, ಎಲ್ಲಾ. ನಾನು ಕೇಳ್ದೆ, ಅಲ್ವಯ್ಯಾ, ಮೇಲ್ಗಡೆ ಬಾಸುಮತಿ ಇದೆ, ತುಪ್ಪ ಇದೆ, ಶುಕ್ರವಾರ ಬಿರಿಯಾನಿ ಇದೆ. ಅದೆಲ್ಲ ಬಿಟ್ಟು ಈ ಮನೆಗೆ..."

ಟವೆಲ್ ಒಳಗೆ ಒಂದು ಕೈ ಬಂತು. ಅವನ ಮಣಿಕಟ್ಟನ್ನು ಹಿಡಿಯಿತು. ಹತ್ತು. ಬಿಟ್ಟು ಮತ್ತೆ ಹಿಡಿಯಿತು. ಇಪ್ಪತ್ತು. ಇನ್ನೊಂದು ಸಲ ಹಿಡಿಯಿತು. ಮೂವತ್ತು.

ಮೂವತ್ತು ದಿನದ ಅಕ್ಕಿ ಆ ಮನೆಯಲ್ಲಿ ಎಂದೂ ಇದ್ದದ್ದಿಲ್ಲ. ಆದರೆ ಮಂಜೂರನ ಬಾಯಿ ನಿಂತದ್ದು ಅಂಕಿಗಲ್ಲ. ಮೂವತ್ತು ವರ್ಷ ಕಣ್ಣುಮುಚ್ಚಿ ಕೈಗಳನ್ನು ಗುರುತು ಹಿಡಿದವನು ಅವನು. ಜೈಬುನ್ನೀಸಾಳ ಕೈಯಲ್ಲಿ ಬಿಸಿಯೆಣ್ಣೆ ಸಿಡಿದ ಹಳೆ ಕಲೆಯೊಂದು ಗಂಟಾಗಿತ್ತು, ಈ ಕೈಯಲ್ಲಿ ಅದಿರಲಿಲ್ಲ. ಈ ಬೆರಳುಗಳು ತೆಳ್ಳಗಿದ್ದವು, ಚಿಕ್ಕ ವಯಸ್ಸಿನವು. ಆದರೆ ತುದಿಗಳು ಗೋಣಿ ದಾರ ಎಳೆದೆಳೆದು ಹಮಾಲಿಯ ಬೆರಳಿನಂತೆ ಒರಟಾಗಿದ್ದವು. ಹೆಬ್ಬೆರಳಿಗೆ ಪ್ಲಾಸ್ಟರ್ ಇತ್ತು. ಟವೆಲ್ ಸರಿದಾಗ ಘಾಟು ಮೂಗಿಗೆ ಬಡಿಯಿತು. ಸೋಪು ಹಾಕಿ ಎಷ್ಟು ತೊಳೆದರೂ ಹೋಗದ ಘಾಟು ಅದು, ಅವನ ಸ್ವಂತ ಕೈಯಿಂದ ಇವತ್ತಿಗೂ ಹೋಗಿಲ್ಲ. ಈರುಳ್ಳಿ.

ಜೀವಮಾನದಲ್ಲಿ ಮೊದಲ ಸಲ ಅವನು ಟವೆಲ್ ಒಳಗೆ ಕೈಯಿಟ್ಟುಕೊಂಡು ಪಕ್ಕಕ್ಕೆ ತಿರುಗಿ ಮುಖ ನೋಡಿದ.

ಫರ್ಹೀನ್ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಕಾಲೇಜಿನ ಬಟ್ಟೆಯಲ್ಲ, ಮಾಸಲು ಹತ್ತಿಯ ಚೂಡಿದಾರ. ಕುರ್ತಾದ ಜೇಬಿನಲ್ಲಿ ವೀರಬಸಪ್ಪನವರ ಪೆನ್ನು. ಒಳಕೋಣೆಯ ಬಾಗಿಲ ಹಿಂದೆ, ಅವಳ ದುಪಟ್ಟಾ ಮುಚ್ಚಿದ್ದ ಇಪ್ಪತ್ತೈದು ಕೆಜಿಯ ಅಕ್ಕಿ ಚೀಲ ಅರ್ಧ ಕಾಣಿಸುತ್ತಿತ್ತು.

"ಎಲ್ಲಿ?" ಅಂದ ಮಂಜೂರ್.

"ಹುಣಸಮಾರನಹಳ್ಳಿ ಹತ್ರ ಗೋಡೌನ್ ಇದೆ ಅಬ್ಬಾ. ಆನ್‌ಲೈನ್ ತರಕಾರಿದು. ಮೊದಲು ವಾರದ ಕೂಲಿ ಇತ್ತು, ಈಗ ತಿಂಗಳ ಸಂಬಳಕ್ಕೆ ತಗೊಂಡಿದ್ದಾರೆ. ಅಡ್ವಾನ್ಸ್ ಕೊಟ್ರು."

"ಪರೀಕ್ಷೆ?"

"ಐದು ವಾರ ಆಯ್ತು ಕಾಲೇಜಿಗೆ ಹೋಗಿ. ಹಾಲ್ ಟಿಕೆಟ್ ತಗೊಂಡಿಲ್ಲ."

ಕೊಡ ಹೊತ್ತು ಬಂದ ಜೈಬುನ್ನೀಸಾ ಬಾಗಿಲಲ್ಲೇ ನಿಂತಳು. ಮಗಳ ಬಟ್ಟೆ ನೋಡಿದಳು, ಟವೆಲ್ ನೋಡಿದಳು, ಚೀಲ ನೋಡಿದಳು. ಕೊಡ ಇಳಿಸುವುದನ್ನೇ ಮರೆತಳು.

"ನೀವು ತಂದು ಹಾಕ್ತಿದ್ದೀರಿ ಅಂದ್ಕೊಂಡಿದ್ದೆ" ಅಂದಳು ಗಂಡನಿಗೆ. "ಹೇಳೋಕೆ ಸಂಕೋಚ, ಏನೋ ಕೂಲಿ ಗೀಲಿ ಮಾಡ್ತಿದ್ದೀರಿ ಅಂತ ಕೇಳ್ಲಿಲ್ಲ."

ತಂದವಳು ಅವಳೆಂದು ಅವನು ಅಂದುಕೊಂಡ, ತಂದವನು ಅವನೆಂದು ಅವಳು ಅಂದುಕೊಂಡಳು. ಇಬ್ಬರೂ ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು, ಪರೀಕ್ಷೆ ಉಳಿಯುತ್ತಿತ್ತು. ರೂಬಿಯ ಓದು ಬಾಯಿಬಿಟ್ಟು ಮಾತಾಡಿದ್ದರಿಂದ ಹೋಯಿತು, ಇವಳದು ಬಾಯಿ ಮುಚ್ಚಿಕೊಂಡದ್ದರಿಂದ. ಮಂಜೂರನಿಗೆ ತನ್ನ ಕೈಯನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು.

"ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. "ಬೆರಳು ಯಾರು ಹೇಳ್ಕೊಟ್ರು?"

"ರೂಬಿ ಆಪಾ. ಮದುವೆಗೆ ಮುಂಚೆ. ಚಿಕ್ಕವರಿದ್ದಾಗ ನೀವಿಬ್ರೂ ಟವೆಲ್ ಇಲ್ದೆ ತಮಾಷೆಗೆ ಬೆರಳು ಹಿಡಿಯೋದನ್ನ ನೋಡಿ ನೋಡಿ ಕಲ್ತಿದ್ಲಂತೆ." ಫರ್ಹೀನ್ ಇನ್ನೂ ಕ್ಯಾಲೆಂಡರನ್ನೇ ನೋಡುತ್ತಿದ್ದಳು. "ಆದ್ರೆ ಬೆರಳು ಬೇಕಾಗಿರ್ಲಿಲ್ಲ ಅಬ್ಬಾ. ಡಬ್ಬದಲ್ಲಿ ಅಕ್ಕಿ ಇದ್ದಾಗ ನಿಮ್ಮ ಜೋಕು ಸಪ್ಪೆ ಇರುತ್ತೆ. ಇಲಿಗೆ ಶುಗರ್ ಬಂದ ದಿನ ಎಷ್ಟು ಚೆನ್ನಾಗಿತ್ತು. ಊಟ ಆದ್ಮೇಲೆ ಹೋಗಿ ಡಬ್ಬ ನೋಡ್ದೆ."

ಮುಂದಿನ ಸಲ ಬರೆದರಾಯಿತು ಎಂದು ಮಂಜೂರನ ನಾಲಿಗೆಯ ತುದಿಗೆ ಬಂತು. ಅದೇ ಮಾತನ್ನು ಫರ್ಹೀನ್ ತಾನೇ ಹೇಳಿದಳು, "ಮುಂದಿನ ವರ್ಷ ಬರೀತೀನಿ." ಹೇಳಿದ ಮೇಲೆ ಯಾರೂ ಯಾರನ್ನೂ ನೋಡಲಿಲ್ಲ.

"ಗೋಡೌನಲ್ಲಿ ಎಲ್ಲರಿಗಿಂತ ಬೇಗ ಕೊಳೆತ ಈರುಳ್ಳಿ ನಾನೇ ಹುಡುಕ್ತೀನಿ" ಅಂದಳು ಫರ್ಹೀನ್. "ಮುಟ್ಟಿದ್ರೆ ಸಾಕು, ಗೊತ್ತಾಗುತ್ತೆ. ಯಾರ ಹತ್ರ ಕಲ್ತೆ ಅಂತ ಸೂಪರ್‌ವೈಸರ್ ಕೇಳಿದ್ರು."

ಜೈಬುನ್ನೀಸಾ ಕೊಡ ಇಳಿಸಿ ಗೋಡೆಯ ಕಡೆ ತಿರುಗಿ ಕೂತಳು. ಓಣಿಯಲ್ಲಿ ಯಾರದೋ ಆಟೋ ಸ್ಟಾರ್ಟಾಗದೆ ಕೆಮ್ಮುತ್ತಿತ್ತು. ಎಂಟೂಕಾಲಿನ ಬಸ್ಸು ತಪ್ಪಿದರೆ ಗೇಟಿನಲ್ಲಿ ಹೊರಗೆ ನಿಲ್ಲಿಸುತ್ತಾರೆ ಎಂದು ಫರ್ಹೀನ್ ಹೇಳಿದಳು. ಹೇಳಿದವಳು ಏಳಲಿಲ್ಲ. ಅವಳ ಕೈ ಇನ್ನೂ ಟವೆಲ್ ಒಳಗೇ ಇತ್ತು.

"ಇಲಿ ಏನಂತು ಅಬ್ಬಾ?"

"ಯಾವ ಇಲಿ?"

"ಬಾಗಿಲಲ್ಲಿ ನಿಂತಿತ್ತಲ್ಲ. ಗಂಟುಮೂಟೆ ಸಮೇತ. ಯಾಕೆ ಬಂದೆ ಅಂತ ಕೇಳಿದ್ರಲ್ಲ. ಏನಂತು?"

ಮಂಜೂರ್ ತಿರುಗಿ ಕ್ಯಾಲೆಂಡರ್ ನೋಡಿದ. ಎರಡು ಸಲ ಬಾಯಿ ತೆರೆದ, ಮೂರನೇ ಸಲಕ್ಕೆ ಮಾತು ಬಂತು.

"'ಊಟಕ್ಕೇನೂ ಕಮ್ಮಿ ಇಲ್ಲ ಭಾಯ್' ಅಂತು. 'ಆದ್ರೆ ಮೇಲ್ಗಡೆ ಯಾರೂ ನಗಲ್ಲ. ನೀವೇನೂ ತೊಂದ್ರೆ ತಗೋಬೇಡಿ, ಊಟ ಅಲ್ಲೇ ಮುಗಿಸ್ಕೊಂಡು ಬಂದಿದ್ದೀವಿ. ಸುಮ್ನೆ ಒಂದು ಕತೆ ಹೇಳಿ ಸಾಕು' ಅಂತು."

ಫರ್ಹೀನ್ ನಕ್ಕಳು. ಎಲ್ಲಿ ನಗಬೇಕೋ ಸರಿಯಾಗಿ ಅಲ್ಲಿಯೇ, ಎಷ್ಟು ನಗಬೇಕೋ ಅಷ್ಟೇ. ಇಷ್ಟು ದಿನ ನಗುತ್ತಿದ್ದ ಅದೇ ನಗು, ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಬರೀ ಕೇಳಿದವರಾರೂ ತಪ್ಪು ಹಿಡಿಯುತ್ತಿರಲಿಲ್ಲ. ಟವೆಲ್ ಒಳಗೆ ಅವಳ ಕೈ ನಡುಗುತ್ತಿತ್ತು. ಮಂಜೂರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಕ್ಯಾಲೆಂಡರ್ ನೋಡುತ್ತ ಕೂತಿದ್ದ.